ಮೈಕ್ ಬಂದ್ ಆದ ಮೇಲಿನ ಮಾತು

2023ರಲ್ಲಿ ನಾನು ಜೇವರ್ಗಿಯ ಮ್ಯಾಜಿಸ್ಟ್ರೇಟ್ ಕೋರ್ಟಿನಲ್ಲಿ ಸಹಾಯಕ ಸರ್ಕಾರಿ ಅಭಿಯೋಜಕಿಯಾಗಿದ್ದೆ. ಕೋರ್ಟಿನ ಭಾಷೆಯಲ್ಲಿ ಎಪಿಪಿ. ಪೊಲೀಸರು ತನಿಖೆ ಮುಗಿಸಿ ಚಾರ್ಜ್‌ಶೀಟ್ ಸಲ್ಲಿಸಿದ ಮೇಲೆ ಸರ್ಕಾರದ ಪರವಾಗಿ ಕೇಸು ನಡೆಸುವುದು ನಮ್ಮ ಕೆಲಸ. ಅದಕ್ಕೂ ಮುಂಚೆ ಅಫಜಲಪುರದಲ್ಲಿದ್ದೆ, ಈಗ ಆಳಂದದಲ್ಲಿದ್ದೇನೆ. ಈ ಮೂರು ತಾಲ್ಲೂಕುಗಳಲ್ಲಿ ಹೊಡೆದಾಟದ ಕೇಸುಗಳನ್ನು ಬೇಕಾದಷ್ಟು ನಡೆಸಿದ್ದೇನೆ. ಬದುವಿನ ಜಗಳ, ನೀರಿನ ಜಗಳ, ಕುಡಿದ ಜಗಳ. ಎಲ್ಲದಕ್ಕೂ ಏನಾದರೂ ಒಂದು ಕಾರಣ ಇರುತ್ತಿತ್ತು. ಹೊಡೆದವನಿಗೂ ಹೊಡೆಸಿಕೊಂಡವನಿಗೂ ನಡುವೆ ಯಾವ ಜಗಳವೂ ಇಲ್ಲದ ಕೇಸು ನಾನು ನೋಡಿದ್ದು ಒಂದೇ. ಅದನ್ನು ಹೇಳುತ್ತೇನೆ. ಹೆಸರುಗಳನ್ನು ಬದಲಿಸಿದ್ದೇನೆ. ಪಕ್ಷ ಯಾವುದು ಅಂತ ಕೇಳಬೇಡಿ, ಯಾವ ಪಕ್ಷವಾದರೂ ಕಥೆ ಇದೇ ಆಗುತ್ತಿತ್ತು.

ನಾನು ನೆಲೋಗಿಯವಳು. ಅಪ್ಪ, ಅವ್ವ ಇಬ್ಬರೂ ಕೂಲಿ ಮಾಡಿದವರು. ನಮ್ಮ ಮನೆಯ ಗೋಡೆಯ ಮೇಲೆ ಬುದ್ಧನ ಫೋಟೊ ಇತ್ತು, ಅದರ ಕೆಳಗೆ ಬರೆದದ್ದನ್ನು ಓದಬಲ್ಲವರು ನಾನು ಶಾಲೆಗೆ ಹೋಗುವ ತನಕ ಯಾರೂ ಇರಲಿಲ್ಲ. ನೆಲೋಗಿ ಬಸ್ಸಿನಲ್ಲಿ ನಿಂತುಕೊಂಡೇ ಕಲಬುರಗಿಗೆ ಹೋಗಿ ಬಂದು ಎಲ್‌ಎಲ್‌ಬಿ ಮುಗಿಸಿದೆ. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲನೆಯವಳು ನಾನೇ. ಹೇಳಿಕೊಳ್ಳಲು ನನಗೆ ಸಂಕೋಚವಿಲ್ಲ. ಇಲ್ಲಿ ಯಾಕೆ ಹೇಳಿದೆ ಅಂದರೆ, ಈ ಕೇಸಿನಲ್ಲಿ ನನಗೆ ಒಂದು ಆಸೆ ಹುಟ್ಟಿತ್ತು. ಅದು ಎಲ್ಲಿಂದ ಹುಟ್ಟಿತು ಅನ್ನುವುದು ನಿಮಗೂ ತಿಳಿಯಲಿ ಅಂತ.

ಗುರಣ್ಣ ಅಂದೋಲಾದವರು. ಸುತ್ತಲ ಊರಿಗೆಲ್ಲ 'ಮೈಕ್‌ಸೆಟ್ ಗುರಣ್ಣ'. ಮದುವೆ, ಮಠದ ಪ್ರವಚನ, ಬುದ್ಧ ಪೂರ್ಣಿಮೆ, ಎಲ್ಲ ಪಕ್ಷಗಳ ಸಭೆ, ಎಲ್ಲದಕ್ಕೂ ಅವರದೇ ಮೈಕು. ಚುನಾವಣೆಯ ಬಹಿರಂಗ ಪ್ರಚಾರಕ್ಕೆ ಒಂದು ಕೊನೆಯ ವೇಳೆ ಇರುತ್ತದೆ. ಅದು ಮೀರಿದರೆ ಮೈಕ್‌ಸೆಟ್ಟನ್ನೇ ಜಪ್ತಿ ಮಾಡುತ್ತಾರೆ. ಆ ವರ್ಷದ ಚುನಾವಣೆಯ ಪ್ರಚಾರದ ಕೊನೆಯ ಸಂಜೆ, ಹೊರಗಿನಿಂದ ಬಂದಿದ್ದ ಒಬ್ಬ ಮುಖಂಡ ತಡವಾಗಿ ವೇದಿಕೆ ಹತ್ತಿ, ವೇಳೆ ಮುಗಿದರೂ ಭಾಷಣ ಬಿಡಲಿಲ್ಲ. ಚುನಾವಣೆ ಡ್ಯೂಟಿಯ ಅಧಿಕಾರಿ ಬಂದು ಗುರಣ್ಣನಿಗೆ ಬಂದ್ ಮಾಡು ಅಂದರು. ಗುರಣ್ಣ ಬಂದ್ ಮಾಡಿದರು. ಅವರ ಬದುಕೇ ಆ ಆಂಪ್ಲಿಫೈಯರ್ ಡಬ್ಬಿಯಲ್ಲಿತ್ತು.

ಮುಖಂಡನಿಗೆ ಅದು ಅವಮಾನ ಅನ್ನಿಸಿತು. ಸತ್ತ ಮೈಕನ್ನು ಪಕ್ಕಕ್ಕೆ ಸರಿಸಿ, ವೇದಿಕೆಯ ಅಂಚಿಗೆ ಬಂದು, ಆಂಪ್ಲಿಫೈಯರ್ ಕಡೆಗೆ ಕೈ ಚಾಚಿ ಒದರಿದ: "ನನ್ನ ದನಿ ಬಂದ್ ಮಾಡಿದ ಕೈ ಇದೇ ತಾಲ್ಲೂಕಿನಾಗ ಅಡ್ಡಾಡತದ. ನಿಮಗ ಮಾನ ಅನ್ನೋದು ಇದ್ರ ನೆನಪಿಡ್ರಿ." ಇಷ್ಟೇ. ಕಾರು ಹತ್ತಿ ಹೋದ.

ಒಂದು ದಿನ ಬಿಟ್ಟು, ಬೆಳಗಿನ ಹೊತ್ತು, ಜೇವರ್ಗಿ ಬಸ್‌ಸ್ಟ್ಯಾಂಡಿನ ಎದುರು ಕೊಳಕೂರದ ಸಾಯಬಣ್ಣ ಎಂಬ ಅದೇ ಪಕ್ಷದ ಕಾರ್ಯಕರ್ತ ಬಾವುಟ ಕಟ್ಟಿದ್ದ ಕಬ್ಬಿಣದ ಪೈಪಿನಿಂದ ಗುರಣ್ಣನ ಬಲಗೈಗೆ ಹೊಡೆದ. ಮಣಿಕಟ್ಟಿನ ಮೇಲಿನ ಎರಡೂ ಎಲುಬು ಮುರಿದವು. ಸಾಯಬಣ್ಣ ಓಡಲಿಲ್ಲ, ಪೊಲೀಸರು ಬರುವ ತನಕ ಅಲ್ಲೇ ನಿಂತಿದ್ದ. ಅವನ ಮದುವೆಗೆ ಮೈಕು ಹಾಕಿದ್ದವರು ಇದೇ ಗುರಣ್ಣ.

ಚಾರ್ಜ್‌ಶೀಟ್ ನನ್ನ ಟೇಬಲ್ಲಿಗೆ ಬಂದಾಗ ಆರೋಪಿ ಒಬ್ಬನೇ ಇದ್ದ. ಘೋರ ಗಾಯ, ಐಪಿಸಿ 325. ಆಗಿನ್ನೂ ಹಳೆಯ ಕಾನೂನೇ ಇತ್ತು. ಗುರಣ್ಣನ ದೂರಿನಲ್ಲಿ ಮುಖಂಡನ ಮಾತು ಇತ್ತು, ಆರೋಪಿಗಳ ಪಟ್ಟಿಯಲ್ಲಿ ಮುಖಂಡ ಇರಲಿಲ್ಲ. ತನಿಖಾಧಿಕಾರಿಯನ್ನು ಕರೆಸಿ ಕೇಳಿದೆ. ಅವರು ಚುನಾವಣೆ ಸಿಬ್ಬಂದಿ ತೆಗೆದಿದ್ದ ವಿಡಿಯೋ ಹಾಕಿ ತೋರಿಸಿದರು. ಮುಖಂಡ ಕೈ ಚಾಚುವುದು ಕಾಣುತ್ತದೆ, ಬಾಯಿ ಆಡುವುದು ಕಾಣುತ್ತದೆ. ಮುಂದೆ ಕುಳಿತವರ ತಲೆಗಳೆಲ್ಲ ಒಮ್ಮೆಲೇ ಮೈಕ್‌ಸೆಟ್ಟಿನ ಕಡೆಗೆ ಹೊರಳುವುದೂ ಕಾಣುತ್ತದೆ. ಕೇಳುವುದು ಮಾತ್ರ ಜನರೇಟರಿನ ಸದ್ದು. ಮೈಕು ಬಂದ್ ಆಗಿತ್ತಲ್ಲ.

ಸಭೆಯಲ್ಲಿದ್ದವರಲ್ಲಿ ಸಾಕ್ಷಿ ಹೇಳಲು ಒಬ್ಬರೂ ಬರಲಿಲ್ಲ. ಚುನಾವಣೆ ಅಧಿಕಾರಿ ಅಷ್ಟೊತ್ತಿಗೆ ಜೀಪು ಹತ್ತಿದ್ದರಂತೆ, ಒಬ್ಬರು ಹಿಂದೆ ಕೂತಿದ್ದರು, ಒಬ್ಬರು ಚಹಾಕ್ಕೆ ಹೋಗಿದ್ದರು, ಇನ್ನೊಬ್ಬರಿಗೆ ಕಿವಿಯೇ ಮಂದವಂತೆ. ಆ ಸಂಜೆ ಮೈದಾನ ತುಂಬಿತ್ತು ಅಂತ ಮಾತ್ರ ಎಲ್ಲರೂ ಹೆಮ್ಮೆಯಿಂದ ಹೇಳಿದರು.

ಕಾನೂನಿನಲ್ಲಿ ಪ್ರಚೋದನೆ ಎಂಬ ಅಪರಾಧ ಇದೆ. ಆದರೆ ಅದನ್ನು ಸಾಬೀತು ಮಾಡಬೇಕಾದರೆ, ಇಂಥ ಕೃತ್ಯ ಆಗಲಿ ಎಂಬ ಉದ್ದೇಶದಿಂದಲೇ ಆ ಮಾತು ಆಡಿದ ಅಂತ ತೋರಿಸಬೇಕು. 'ನೆನಪಿಡ್ರಿ' ಅನ್ನುವುದು 'ಹೊಡೀರಿ' ಹೇಗಾಯಿತು ಅಂತ ಎದುರು ವಕೀಲರು ಕೇಳಿದರೆ ಬರೀ ಕಾಗದ ನೋಡಿ ಉತ್ತರ ಕೊಡಲಿಕ್ಕೆ ಆಗುವುದಿಲ್ಲ. ಗುರಣ್ಣ ಕೇಳಿದ್ದರು, ಆದರೆ ಅವರು ಏಟು ತಿಂದವರು; ಆ ದನಿ ಕೇಳಿ ಅದನ್ನು 'ಹೊಡೀರಿ' ಅಂತಲೇ ತಿಳಿದುಕೊಂಡವನೊಬ್ಬ ಕಟಕಟೆಯಲ್ಲಿ ನಿಂತು ಹೇಳಬೇಕು.

ಅಂಥವನು ಒಬ್ಬನಿದ್ದ, ಆರೋಪಿಯೇ. ಆ ದಾರಿ ತೋರಿಸಿದವರು ಸಾಯಬಣ್ಣನ ವಕೀಲರು, ನಮ್ಮ ವಕೀಲರ ಸಂಘದ ಹಿರಿಯರು. ಒಂದು ಮಧ್ಯಾಹ್ನ ಕ್ಯಾಂಟೀನಿನಲ್ಲಿ ಎದುರಿಗೆ ಬಂದು ಕೂತರು.

"ತಂಗಿ, ನಿನಗ ದೊಡ್ಡ ಮನುಷ್ಯಾ ಬೇಕೇನು?"

"ಏನ್ ಕಾಕಾ, ಇವತ್ತ ಚಹಾ ನೀವೇ ಹೇಳೀರಿ. ಆ ಪಕ್ಷದವರು ಫೀಸು ಕೊಟ್ಟಂಗ ಕಾಣಸ್ತದ."

"ಫೀಸಾ? ವಕಾಲತ್ತಿನ ಸ್ಟಾಂಪ್ ಸೈತ ನಾನೇ ಹಚ್ಚೀನಿ. ಆ ಲೀಡರ್ ಪೇಪರಿನವರಿಗೆ ಏನಂದಾನ ಓದಿಲ್ಲೇನು? ಸಾಯಬಣ್ಣ ಅಂದ್ರ ಯಾರು, ನಾ ಅವನ ಮಾರಿ ನೋಡಿಲ್ಲ ಅಂದಾನ. ಅದನ್ನ ಓದಿ ಹೇಳಿದಾಗಿಂದ ನನ್ನ ಕಕ್ಷಿದಾರ ಊಟ ಬಿಟ್ಟಾನ."

ಅವರ ಪ್ರಸ್ತಾಪ ಹೀಗಿತ್ತು. ಏಳು ವರ್ಷದ ತನಕ ಶಿಕ್ಷೆ ಆಗಬಹುದಾದ ಕೇಸುಗಳಲ್ಲಿ ಆರೋಪಿಗಳ ಪೈಕಿ ಒಬ್ಬನಿಗೆ ಕೋರ್ಟು ಕ್ಷಮೆ ಕೊಡಬಹುದು. ನಡೆದದ್ದನ್ನೆಲ್ಲ ಮುಚ್ಚಿಡದೆ ಹೇಳಬೇಕು ಅನ್ನುವುದು ಷರತ್ತು. ಅಂಥವನನ್ನು ಮಾಫಿ ಸಾಕ್ಷಿ ಅನ್ನುತ್ತಾರೆ. ಮುಖಂಡನನ್ನು ಆರೋಪಿ ಮಾಡುವುದು, ಸಾಯಬಣ್ಣ ಮಾಫಿ ಸಾಕ್ಷಿಯಾಗಿ ಅವನ ವಿರುದ್ಧ ಹೇಳುವುದು. ಹೇಳಿದವನು ಕಟಕಟೆಗೆ, ಹೊಡೆದವನು ಮನೆಗೆ.

ನನಗೆ ಆಸೆ ಹುಟ್ಟಿತು ಅಂದೆನಲ್ಲ, ಅದು ಅಲ್ಲೇ. ನೆಲೋಗಿಯ ಕೂಲಿಯ ಮಗಳು ಎದ್ದು ನಿಂತು, ಅಷ್ಟು ದೊಡ್ಡ ಮನುಷ್ಯನಿಗೆ 'ಆ ಸಂಜೆ ನೀವು ಏನಂದಿರಿ' ಅಂತ ಪ್ರಶ್ನೆ ಕೇಳುವ ದಿನ ಕಣ್ಣ ಮುಂದೆ ಬಂತು. ಎಷ್ಟೋ ವರ್ಷ ನಡೆಸಿದ ಸಣ್ಣ ಕೇಸುಗಳಲ್ಲಿ ಕಟಕಟೆಯಲ್ಲಿ ನಿಂತವರು ನಮ್ಮಂಥ ಮನೆಯವರೇ. ಒಮ್ಮೆಯಾದರೂ ಅಲ್ಲಿ ಬೇರೆಯವರು ನಿಲ್ಲಲಿ ಅನ್ನಿಸಿತು. ಅದರಲ್ಲಿ ತಪ್ಪೇನೂ ಇಲ್ಲ ಅಂತ ಈಗಲೂ ಅಂದುಕೊಂಡಿದ್ದೇನೆ.

ವಕೀಲರ ಎದುರಿಗೇ ಸಾಯಬಣ್ಣನನ್ನು ಮಾತಾಡಿಸಿದೆ. ಗುರಣ್ಣನ ಮೇಲೆ ಸಿಟ್ಟಿತ್ತೇನು ಅಂದರೆ ಇಲ್ಲ ಅಂದ. ಮುಖಂಡ ಬೇರೆ ಯಾರ ಕೈಲಾದರೂ ಹೇಳಿ ಕಳಿಸಿದ್ದನೇ ಅಂದರೆ ಅದೂ ಇಲ್ಲ.

"ಹೊಡಿ ಅಂತ ಅವರು ಅನ್ನಲಿಲ್ರಿ ಮೇಡಂ. ಅಂದಿದ್ರ ನಾ ವಿಚಾರ ಮಾಡ್ತಿದ್ದೆ. ಮಾನ ಇದ್ರ ಅಂದ್ರು. ಅದಕ್ಕ ವಿಚಾರ ಮಾಡ್ಲಿಲ್ಲ."

ಈ ಮಾತನ್ನು ಅವನು ಯಾವ ನಾಟಕವೂ ಇಲ್ಲದೆ ಹೇಳಿದ. ಇದೇ ಮಾತನ್ನು ಕೋರ್ಟಿನಲ್ಲಿ ಹೇಳಿದರೆ ಸಾಕು, ಕೇಸಿಗೆ ಜೀವ ಬರುತ್ತದೆ ಅನ್ನಿಸಿತು. ಆದರೆ ಗುರಣ್ಣನನ್ನು ಕೇಳದೆ ಮುಂದುವರಿಯಲು ಮನಸ್ಸಾಗಲಿಲ್ಲ. ಕೇಳಲೇಬೇಕು ಅಂತ ಕಾನೂನಿಲ್ಲ. ಮುರಿದದ್ದು ಅವರ ಕೈ.

ಒಂದು ರವಿವಾರ ಅಂದೋಲಾಕ್ಕೆ ಹೋದೆ. ಗುರಣ್ಣ ಪಡಸಾಲೆಯಲ್ಲಿ ಕೂತು ಎಡಗೈಯಿಂದ ವೈರಿಗೆ ಬೆಸುಗೆ ಹಾಕುತ್ತಿದ್ದರು. ಹೆಂಡತಿ ಮಹಾದೇವಮ್ಮ ವೈರಿನ ಇನ್ನೊಂದು ತುದಿ ಹಿಡಿದಿದ್ದರು. ಬಲಗೈ ಮುಷ್ಟಿ ಕಟ್ಟಲು ಬರುತ್ತಿರಲಿಲ್ಲ. ಕಂಬ ಹತ್ತಿ ಹಾರ್ನ್ ಕಟ್ಟುವುದು ಇನ್ನು ಆಗದ ಮಾತು ಅಂತ ಡಾಕ್ಟರು ಹೇಳಿದ್ದರು.

"ಕೈ ಕೆಲಸ ನಿಂತ ಮ್ಯಾಲ ಬಾಯಿ ಕೆಲಸ ಜಾಸ್ತಿ ಆಗ್ಯಾದ್ರಿ ಮೇಡಂ," ಅಂತ ಮಹಾದೇವಮ್ಮ ಗಂಡನ ಕಡೆ ತೋರಿಸಿದರು. "ಮುಂಜಾನಿಂದ ನನ್ನ ಮ್ಯಾಲೇ ಟೆಸ್ಟಿಂಗ್ ನಡಿಸ್ಯಾರ."

ಮಾಫಿ ಸಾಕ್ಷಿ ಅಂದರೇನು ಅಂತ ವಿವರಿಸಿದೆ. ಮಹಾದೇವಮ್ಮನಿಗೆ ಒಮ್ಮೆಲೇ ಒಪ್ಪಿಗೆಯಾಯಿತು. ಸಾಯಬಣ್ಣ ತಲೆ ತಿರುಗಿದ ಹುಡುಗ, ತಿರುಗಿಸಿದವನನ್ನು ಹಿಡೀರಿ ಅಂದರು. ಸಾಯಬಣ್ಣನ ಹೆಂಡತಿ ಈಗಲೇ ಕೂಲಿಗೆ ಹೊಂಟಾಳ, ಲೀಡರನ ಮನೆಯಲ್ಲಿ ಒಂದು ಹೊತ್ತಿನ ಚಹಾ ಸೈತ ತಪ್ಪಿಲ್ಲ ಅಂದರು. ನನ್ನ ಮನಸ್ಸಿನ ಮಾತನ್ನೇ ಆಡುತ್ತಿದ್ದರು.

ಗುರಣ್ಣ ಬೆಸುಗೆ ಕಡ್ಡಿ ಕೆಳಗಿಟ್ಟರು.

"ಅವ ಮನಿಗಿ ಹೋಗ್ತಾನೇನ್ರಿ?"

"ಹೌದ್ರಿ. ಖರೇ ಹೇಳಿದ್ರ ಶಿಕ್ಷೆ ಇಲ್ಲ."

"ಲೀಡರಿಗೆ ಶಿಕ್ಷೆ ಆಗ್ತದಂತ ಗ್ಯಾರಂಟಿ ಅದ?"

"ಇಲ್ರಿ."

"ನನಗ ದಿನಾ ಬಸ್‌ಸ್ಟ್ಯಾಂಡಿಗೆ ಹೋಗೋದದರಿ ಮೇಡಂ. ಅಲ್ಲಿ ನನ್ನ ಎದುರಿಗೆ ಬರಾವ ಲೀಡರ್ ಅಲ್ಲ, ಸಾಯಬಣ್ಣ. ಹೊಡದು ಹಂಗೇ ಮನಿಗಿ ಹೋದ ಅಂದ್ರ, ನಾಳೆ ನನ್ನ ಎಡಗೈ ಕಡೆ ನೋಡಾವ ಇನ್ನೊಬ್ಬ ಇರ್ತಾನ. ನಾ ಹೆದರೀನಿ. ಖರೇ ಹೇಳಾಕತ್ತೇನಿ."

ಮಹಾದೇವಮ್ಮ ವೈರು ಬಿಟ್ಟು ಎದ್ದು ಒಳಗೆ ಹೋದರು. "ಹೆದರೋದಾದ್ರ ಮೈಕ್ ಯಾಕ ಬಂದ್ ಮಾಡಿದ್ರಿ," ಅಂದದ್ದು ಅಡಿಗೆಮನೆಯಿಂದ ಕೇಳಿಸಿತು. ಗುರಣ್ಣ ವೈರಿನ ಆ ತುದಿಯನ್ನೂ ತಮ್ಮ ಕಡೆ ಎಳೆದುಕೊಂಡರು. ನಾನು ಒಂದು ಗಂಟೆಯಷ್ಟು ಹೊತ್ತು ಒಪ್ಪಿಸಲು ನೋಡಿದೆ. ಒಪ್ಪಲಿಲ್ಲ.

ಬಸ್ಸಿನಲ್ಲಿ ವಾಪಸು ಬರುವಾಗ ನನಗೆ ಸಿಟ್ಟಿತ್ತು. ಜೇವರ್ಗಿ ಹತ್ತಿರ ಬರುವ ಹೊತ್ತಿಗೆ ಅವರ ಹೆದರಿಕೆ ನನಗೆ ಬೇರೆ ರೀತಿಯಲ್ಲಿ ಕಾಣತೊಡಗಿತು. ಭಾಷಣ ಕೇಳಿ ಹೊಡೆದೆ ಅಂದವನನ್ನು ಕೋರ್ಟೇ ಮನೆಗೆ ಕಳಿಸಿದರೆ, ಮುಂದಿನ ಸಭೆಯಲ್ಲಿ ಕೂತವರಿಗೆಲ್ಲ ಒಂದು ನೆಪ ಸಿಗುತ್ತದೆ. ಅವರು ಅಂದರು, ನಾನು ಹೊಡೆದೆ. ಮುಖಂಡನನ್ನು ಹಿಡಿಯುವ ಭರದಲ್ಲಿ ಆ ನೆಪಕ್ಕೆ ನಾನೇ ಸರ್ಕಾರದ ಮೊಹರು ಹಾಕಿಕೊಡುತ್ತಿದ್ದೆ. ಮರುದಿನ ವಕೀಲರಿಗೆ ಆಗುವುದಿಲ್ಲ ಅಂದೆ. "ನಿನ್ನ ನಸೀಬು, ತಂಗಿ," ಅಂದು ಎದ್ದುಹೋದರು.

ವಿಚಾರಣೆ ನಡೆಯಿತು. ಗುರಣ್ಣ ಕಟಕಟೆಯಲ್ಲಿ ನಿಂತು ಮುಖಂಡನ ಮಾತನ್ನು ಒಂದಕ್ಷರ ಬಿಡದೆ ಹೇಳಿದರು. ವಿಡಿಯೋ ಹಾಕಿಸಿ, ತಲೆಗಳು ಹೊರಳಿದ್ದನ್ನು ನ್ಯಾಯಾಧೀಶರಿಗೆ ತೋರಿಸಿದೆ. ಸಾಕ್ಷ್ಯದಲ್ಲಿ ಇನ್ನೊಬ್ಬನ ಪಾತ್ರ ಕಂಡುಬಂದರೆ ಅವನನ್ನೂ ಆರೋಪಿಯಾಗಿ ಸೇರಿಸಲು ಸಿಆರ್‌ಪಿಸಿ 319ರಲ್ಲಿ ಅವಕಾಶ ಇತ್ತು. ಮಾಫಿ ಸಾಕ್ಷಿ ಇಲ್ಲದಿದ್ದರೂ ಇರಲಿ ಅಂತ ಆ ಅರ್ಜಿ ಹಾಕಿದೆ. ಅದು ವಜಾ ಆಯಿತು. ಮಾತು ಆಡಿದ್ದು ನಿಜ ಅಂತ ಕಾಣುತ್ತದೆ, ಅದು ಖಂಡನೀಯ, ಆದರೆ ಹಲ್ಲೆ ಮಾಡಿಸುವ ಉದ್ದೇಶ ಇತ್ತೆಂದು ಹೇಳಲು ಇಷ್ಟು ಸಾಲದು ಅಂತ ಆದೇಶದಲ್ಲಿ ಬರೆದರು. ಕಾನೂನಿನ ಪ್ರಕಾರ ಅದು ತಪ್ಪು ಆದೇಶ ಅಂತ ನಾನು ಹೇಳಲಾರೆ.

ಸಾಯಬಣ್ಣನ ಅಪರಾಧ ಸಾಬೀತಾಯಿತು. ಶಿಕ್ಷೆ ಎಷ್ಟು ಕೊಡಬೇಕು ಅನ್ನುವುದರ ಮೇಲೆ ವಾದ ನಡೆದಾಗ ಅವನ ವಕೀಲರು ಎದ್ದು, ಭಾಷಣದ ಅಮಲಿನಲ್ಲಿ ನಡೆದ ಕೃತ್ಯ, ಕನಿಕರ ತೋರಿಸಿ ಅಂದರು. ನನ್ನ ಸರದಿ ಬಂತು. ಭಾಷಣಕ್ಕೂ ಏಟಿಗೂ ನಡುವೆ ಒಂದು ಇಡೀ ದಿನ ಹೋಗಿದೆ, ಹಠಾತ್ ಉದ್ರೇಕ ಅನ್ನಲಾಗದು ಅಂತ ಹೇಳಿದೆ. ಆಮೇಲೆ ಬರೆದುಕೊಂಡು ಹೋಗಿರದಿದ್ದ ಒಂದು ಮಾತು ಬಾಯಿಗೆ ಬಂತು.

"ಭಾಷಣ ನಡೆದಿಲ್ಲ ಅಂತ ನಾನು ಹೇಳುತ್ತಿಲ್ಲ ಸ್ವಾಮಿ, ನಡೆದಿತ್ತು ಅನ್ನುವುದೇ ನನ್ನ ವಾದ. ಆದರೆ ಮೈದಾನ ತುಂಬ ಜನ ಅದನ್ನು ಕೇಳಿದರು. ಪೈಪು ಎತ್ತಿದವನು ಒಬ್ಬ. ಆ ಮುಖಂಡನ ಹೊಣೆಯನ್ನು ಇವನ ಹೊಣೆಯಿಂದ ಕಳೆಯಬಾರದು."

ಎರಡು ವರ್ಷ ಶಿಕ್ಷೆಯಾಯಿತು. ಅಪೀಲಿಗೆ ಹೋಗುವ ತನಕ ಜಾಮೀನು ಕೇಳಬಹುದಿತ್ತು, ಅದಕ್ಕೆ ಶ್ಯೂರಿಟಿ ನಿಲ್ಲುವವರು ಬೇಕಿತ್ತು. ಸಾಯಬಣ್ಣ ಮಧ್ಯಾಹ್ನವೆಲ್ಲ ಗೇಟಿನ ಕಡೆ ನೋಡುತ್ತ ಪೊಲೀಸ್ ಪೇದೆಯ ಪಕ್ಕದ ಬೆಂಚಿನಲ್ಲಿ ಕೂತಿದ್ದ. ಪಕ್ಷದವರು ಒಬ್ಬರೂ ಬರಲಿಲ್ಲ. ಗುರಣ್ಣ ಹೊರಗೆ ಹೋಗಲು ಅದೇ ದಾರಿಯಲ್ಲಿ ಬಂದರು. ನಾನು ನನ್ನ ರೂಮಿನ ಬಾಗಿಲಲ್ಲಿದ್ದೆ. ಸಾಯಬಣ್ಣ ಎದ್ದು ನಿಂತ.

"ಅಣ್ಣಾ, ಆ ಮಾತು ನನಗೇ ಅಂದಂಗ ಕೇಳಿಸ್ತು."

ಗುರಣ್ಣ ನಿಂತರು. ಬಲಗೈಯನ್ನು ಎಡಗೈಯಲ್ಲಿ ಹಿಡಿದುಕೊಂಡಿದ್ದರು.

"ನನಗೂ ಹಂಗೇ ಕೇಳಿಸಿತ್ತಲೇ ತಮ್ಮಾ. ನಮ್ಮಿಬ್ಬರ ಹೆಸರೂ ಅವನಿಗೆ ಗೊತ್ತಿಲ್ಲ."

ಅಷ್ಟು ಹೇಳಿ ಹೋದರು.

ಬಿಸಿ ಭಾಷಣಕ್ಕೂ ಹಿಂಸೆಗೂ ಸಂಬಂಧ ಇದೆಯೇ ಅಂತ ಕಾನೂನು ಅರಿವು ಶಿಬಿರಗಳಲ್ಲಿ ನನ್ನನ್ನು ಕೇಳುತ್ತಾರೆ. ಇದೆ ಅಂತ ಸುತ್ತು ಬಳಸದೆ ಹೇಳುತ್ತೇನೆ. ಆ ಸಂಜೆ ಆ ಎರಡು ಸಾಲು ಬರದಿದ್ದರೆ ಗುರಣ್ಣ ಇವತ್ತೂ ಕಂಬ ಹತ್ತುತ್ತಿದ್ದರು. ಕೋರ್ಟು ಅಳೆಯಲಾರದ ಹೊಣೆ ಹೊಣೆಯೇ ಅಲ್ಲ ಅಂತ ಅರ್ಥವಲ್ಲ. ಆದರೆ ಈ ಕೇಸು ನನಗೆ ಕಲಿಸಿದ್ದು ಇನ್ನೊಂದಿದೆ. ಹೊಣೆ ಅನ್ನುವುದು ಅಣ್ಣತಮ್ಮಂದಿರು ಪಾಲು ಮಾಡಿಕೊಳ್ಳುವ ಹೊಲ ಅಲ್ಲ, ಒಬ್ಬನಿಗೆ ಹೆಚ್ಚು ಕೊಟ್ಟರೆ ಇನ್ನೊಬ್ಬನಿಗೆ ಕಡಿಮೆಯಾಗಲಿಕ್ಕೆ. ಹೊಡೆದವನದು ಪೂರ್ತಿ ಅವನದೇ. ಆಡಿದವನದೂ ಪೂರ್ತಿ ಅವನದೇ. ಸಾಯಬಣ್ಣನನ್ನು ಅವನದಕ್ಕೆ ಹಿಡಿದು ನಿಲ್ಲಿಸಿದೆವು. ಆ ಮುಖಂಡನಿಗೆ 'ಆ ಸಂಜೆ ನೀವು ಏನಂದಿರಿ' ಅಂತ ಇದುವರೆಗೂ ಯಾರೂ ಕೇಳಿಲ್ಲ.