ದೇಶ ಬಿಟ್ಟು ಹೋಗಬೇಕಾಗಿದ್ದ ಹೆಸರು

ನನ್ನ ಗಂಡನಿಗೆ ಅನ್ಯಾಯವಾಯಿತೆಂದು ನೆಂಟರು ಈಗಲೂ ಹೇಳುತ್ತಾರೆ. ಯಾರೂ ಅನ್ಯಾಯ ಮಾಡಲಿಲ್ಲ. ಏಳು ವರ್ಷ ಇನ್ನೊಬ್ಬನ ಹೆಸರಲ್ಲಿ ಸಂಬಳ ತಿಂದ. ಸರ್ಕಾರ ಆ ಇನ್ನೊಬ್ಬನನ್ನು ದೇಶ ಬಿಟ್ಟು ಹೋಗು ಎಂದಿತು. ನಡೆದದ್ದು ಅಷ್ಟೇ.

ಐವತ್ತರ ದಶಕದಲ್ಲಿ ಕೋಲಾರದ ಚಿನ್ನದ ಗಣಿಯಲ್ಲಿ, ನಂದಿದುರ್ಗದ ಲೈನು ಮನೆಗಳಲ್ಲಿ ಇದನ್ನು ಯಾರೂ ತಪ್ಪು ಎನ್ನುತ್ತಿರಲಿಲ್ಲ. ಗಣಿ ಬಿಟ್ಟು ಹೋಗುವವನು ತನ್ನ ನಂಬರಿನ ಬಿಲ್ಲೆಯನ್ನು ಬೇಕಾದವನ ಕೈಗೆ ಕೊಟ್ಟು ಹೋಗುತ್ತಿದ್ದ. ಮೇಸ್ತ್ರಿಗೆ ಒಂದು ಹುಂಜ. ಮಾರನೆಯ ದಿನದಿಂದ ಆ ನಂಬರು, ಆ ಹೆಸರು, ಆ ಹೆಸರಿನ ಅಪ್ಪ, ಎಲ್ಲ ಹೊಸಬನದು. ನನ್ನ ಗಂಡನಿಗೆ ಬಿಲ್ಲೆ ಕೊಟ್ಟವನು ಸಿಲೋನಿನ ಟೀ ತೋಟದಲ್ಲಿ ಹುಟ್ಟಿದವನು. ಎದೆ ಕೆಟ್ಟು, ತಾಯಿ ಇರುವ ಸಿಲೋನಿಗೇ ವಾಪಸು ಹೋಗುತ್ತೇನೆಂದು ಹೊರಟುಹೋದ. ಅವನ ಕೆಲಸದ ಜೊತೆಗೆ ಲೈನು ಮನೆಯೂ ನಮಗೆ ಬಂತು.

ನನಗಂತೂ ಅನುಕೂಲವೇ ಆಯಿತು. ಗಂಡನ ಹೆಸರು ಹೇಳಬಾರದಲ್ಲ. ಇದು ಗಂಡನ ಹೆಸರಲ್ಲ. ರೇಷನ್ ಅಂಗಡಿಯಲ್ಲಿ ಗಟ್ಟಿಯಾಗಿ ಕೂಗಿ ಹೇಳುತ್ತಿದ್ದೆ. ಉಳಿದ ಹೆಂಗಸರು ಬಾಯಿಗೆ ಸೆರಗು ಅಡ್ಡ ಹಿಡಿಯುತ್ತಿದ್ದರು.

ಅರವತ್ತರ ದಶಕದಲ್ಲಿ ಒಂದು ದಿನ ಇಂಗ್ಲಿಷಿನ ಕಾಗದ ಬಂತು. ನಾನು ಓದಿದ್ದು ಮೂರನೇ ಕ್ಲಾಸು. ಆಂಡರ್ಸನ್‌ಪೇಟೆಯ ಜವಳಿ ಅಂಗಡಿಯವನ ಹತ್ತಿರ ಓದಿಸಿದೆ.

“ನಿಮ್ಮ ಯಜಮಾನ ಸಿಲೋನಿನೋನಂತೆ ಕಣಮ್ಮ. ಅದಿನೈದು ದಿನದಾಗೆ ದೇಶ ಬಿಡ್ಬೇಕಂತೆ. ಬೇಕಾದ್ರೆ ಅಪೀಲು ಮಾಡ್ಕೋ ಅಂತವ್ರೆ.”

ಮನೆಗೆ ಬಂದು ಹೇಳಿದೆ. ನನ್ನ ಗಂಡ ನನ್ನ ತಾಯಿಯ ತಮ್ಮ. ನಾನು ಕರೆಯುತ್ತಿದ್ದದ್ದು ಮಾವ ಎಂದೇ.

“ಲೇ, ನಾನು ನಮ್ಮೂರ ಕೆರೆ ಬುಟ್ರೆ ಬ್ಯಾರೆ ನೀರೇ ನೋಡಿಲ್ವಲ್ಲೇ!”

“ಅಂಗಾರೆ ನಿಜ ಏಳ್ಬುಡು ಮಾವ.”

“ನಿಜ ಏಳಿದ್ರೆ ಕೆಲ್ಸ ಓಗ್ತದೆ, ಮನೆ ಓಗ್ತದೆ.”

“ಏಳ್ದಿದ್ರೆ ನೀನೇ ಓಗ್ತೀಯ.”

ಬಂಗಾರಪೇಟೆಯ ವಕೀಲರ ಹತ್ತಿರ ಹೋದೆವು. ಅವರು ವಕಾಲತ್ತು ಬರೆದು ಹೆಬ್ಬೆಟ್ಟು ಒತ್ತಿಸಿಕೊಂಡರು. ಹೆಬ್ಬೆಟ್ಟು ನನ್ನ ಗಂಡನದು, ಹೆಸರು ಸಿಲೋನಿನವನದು. ನಮ್ಮ ಹಳ್ಳಿಯ ಶ್ಯಾನುಭೋಗರ ಹತ್ತಿರ ಇವನು ಯಾರ ಮಗನೆಂದು ಬರೆಸಿ ತರುತ್ತೇನೆ ಎಂದೆ.

ವಕೀಲರು ಹೌಹಾರಿದರು. “ಬೇಡಮ್ಮ! ಇವನು ಅವನಲ್ಲ ಅಂದುಬಿಟ್ಟರೆ ನನಗೆ ಕಕ್ಷಿದಾರನೇ ಇಲ್ಲ. ಬಾಯಿ ಮುಚ್ಕೊಂಡಿರಿ, ಕಾನೂನು ನಾನು ನೋಡ್ಕೋತೀನಿ.”

ನಾನು ಚೀಟಿ ಬರೆಸಿದೆ. ಅದನ್ನು ಅವ್ವನ ಸೊಂಟಕ್ಕೆ ಸಿಕ್ಕಿಸಿ, ವಿಚಾರಣೆಯ ದಿನ ಅವಳನ್ನೂ ಕರೆತಂದೆ.

ವಿಚಾರಣೆ ನಡೆದದ್ದು ಬಂಗಾರಪೇಟೆಯ ಮುಸಾಫರಿ ಬಂಗಲೆಯಲ್ಲಿ. ಅಪೀಲು ಕೇಳಲು ಬೆಂಗಳೂರಿಂದ ಬಂದ ಸಾಹೇಬರು ಕುರ್ಚಿಯಲ್ಲಿದ್ದರು. ನಮ್ಮ ವಕೀಲರು ಒಂದು ಗಂಟೆ ಮಾತಾಡಿದರು. ಕಕ್ಷಿದಾರನಿಗೆ ತಿಳಿಯದ ಭಾಷೆಯಲ್ಲಿ ನೋಟಿಸು ಕೊಟ್ಟದ್ದು ತಪ್ಪು, ಅವನ ಮಾತು ಕೇಳದೆ ಆಜ್ಞೆ ಹೊರಡಿಸಿದ್ದು ತಪ್ಪು ಎಂದರು. ಅದರಲ್ಲಿ ಒಂದು ಮಾತೂ ಸುಳ್ಳಲ್ಲ. ನನ್ನ ಗಂಡನಿಗೆ ಸಂಬಂಧಪಟ್ಟ ಮಾತೂ ಒಂದಿರಲಿಲ್ಲ.

ಸಾಹೇಬರು ಕನ್ನಡಕ ತೆಗೆದರು. “ಈಗ ಕೇಳಿದೆನಲ್ಲ, ಆ ಕೊರತೆ ತೀರಿತು. ಹಡಗಿನ ಟಿಕೆಟ್ಟು ಸರ್ಕಾರದ್ದೇ.”

ಕೆಲಸದ ಆಸೆ ನನ್ನ ಗಂಡನ ನಾಲಿಗೆ ಕಟ್ಟಿತ್ತು. ನಾನು ಎದ್ದೆ.

“ಸ್ವಾಮಿ, ಇವ್ನು ಅವ್ನಲ್ಲ.”

“ಕೂತ್ಕೊಳಮ್ಮ!” ಎಂದರು ವಕೀಲರು.

“ಮತ್ತೆ ಇವನ ಹೆಸರೇನು?” ಎಂದು ಸಾಹೇಬರು ಕೇಳಿದರು.

ನಾನು ಅವ್ವನ ಕಡೆ ತಿರುಗಿದೆ. ಸಾಹೇಬರು ನಕ್ಕರು. “ಗಂಡನ ಹೆಸರೇ ಗೊತ್ತಿಲ್ಲದ ಹೆಂಡತಿ! ಒಳ್ಳೆ ಸಾಕ್ಷಿ.”

ಹೇಳಿಬಿಟ್ಟೆ. ಹೆಸರು ಹೇಳಿದರೆ ಗಂಡನ ಆಯಸ್ಸು ಕಡಿಮೆಯಾಗುತ್ತದಂತೆ. ಆಗಲಿ, ನಾಲ್ಕು ವರ್ಷ ಕಡಿಮೆ ಬದುಕಿದರೂ ಇಲ್ಲೇ ಬದುಕಲಿ ಎಂದುಕೊಂಡೆ.

ಅವ್ವ ಚೀಟಿ ಕೊಟ್ಟು, “ನನ್ ತಮ್ಮ ಕಣ್ ಸ್ವಾಮಿ. ಎತ್ತಿ ಆಡಿಸ್ದೋಳು ನಾನೇ. ಸೊಂಟ ಇನ್ನೂ ನೋಯ್ತದೆ” ಎಂದಳು.

ಸಾಹೇಬರು ಚೀಟಿ ಎರಡು ಸಲ ಓದಿ ತೀರ್ಪು ಹೇಳಿದರು: ಈತ ಆ ಮನುಷ್ಯನಲ್ಲ, ಆದ್ದರಿಂದ ಈತನಿಗೆ ಅಪೀಲು ಮಾಡುವ ಹಕ್ಕಿಲ್ಲ, ಅಪೀಲು ವಜಾ, ಆ ಮನುಷ್ಯ ಕೂಡಲೇ ದೇಶ ಬಿಟ್ಟು ಹೋಗತಕ್ಕದ್ದು. ಅವನು ಹೋಗಿ ಏಳು ವರ್ಷವಾಗಿತ್ತು. ಸರ್ಕಾರದ ಆಜ್ಞೆಯನ್ನು ಅಷ್ಟು ಮುಂಚೆಯೇ ಪಾಲಿಸಿದವರು ಇನ್ನೊಬ್ಬರಿಲ್ಲ.

“ಗೆದ್ವಿ!” ಎಂದು ವಕೀಲರು ಮೆಟ್ಟಿಲಿಳಿದರು.

“ಗೆದ್ದೋನು ಯಾರು ಸ್ವಾಮಿ?” ಎಂದ ನನ್ನ ಗಂಡ. ವಕೀಲರಿಗೆ ಊಟದ ಹೊತ್ತಾಗಿತ್ತಂತೆ.

ತೀರ್ಪಿನ ಸುದ್ದಿ ಗಣಿ ಆಫೀಸಿಗೆ ನಮಗಿಂತ ಮುಂಚೆ ತಲುಪಿತ್ತು. ಸಂಜೆಯೇ ಕಾವಲಿನವನು ಬಂದು, ಇಲ್ಲದವನಿಗೆ ಮನೆ ಇಲ್ಲ, ನಾಳೆ ಬೀಗ ಎಂದ.

“ಯಾಕೆ ಏಳಿದ್ಯೇ?” ಎಂದು ಗಂಡ ಕೇಳಿದ.

“ಈಗ್ಲೂ ಬೇಕಾದ್ರೆ ಸಿಲೋನಿಗೆ ಓಗು, ಅಡಗು ಕಾಯ್ತದೆ” ಎಂದೆ.

ಮಾರನೆಯ ಬೆಳಿಗ್ಗೆ ಬಾಗಿಲಿಗೆ ನೀರು ಹಾಕಲಿಲ್ಲ. ಬೀಗ ಹಾಕುವವನೇ ಬೇಕಾದರೆ ಹಾಕಿಕೊಳ್ಳಲಿ. ಬೀಸುಕಲ್ಲು ತಲೆ ಮೇಲಿಟ್ಟುಕೊಂಡು, ಪಾತ್ರೆಗಳ ಮೂಟೆಯನ್ನು ಗಂಡನ ಹೆಗಲಿಗೆ ಹೊರಿಸಿ, ಮಾರಿಕುಪ್ಪಂನಲ್ಲಿ ಮೊದಲ ಗಾಡಿ ಹತ್ತಿದೆ. ಬಂಗಾರಪೇಟೆಯಲ್ಲಿ ಇಳಿದು, ಅವನನ್ನು ಮೂಟೆಯ ಹತ್ತಿರ ಕೂರಿಸಿ, ಇಟ್ಟಿಗೆ ಗೂಡಿಗೆ ಹೋಗಿ ನನ್ನ ಹೆಸರಲ್ಲೇ ಕೂಲಿ ಕೆಲಸ ಕೇಳಿದೆ.