ಮೇಷ್ಟ್ರು ಅಂಟಿಸಿದ ನೀತಿ

ಪ್ಲಾಸ್ಟಿಕ್ ಬಿಸಿಯಾದಾಗ ಒಂದು ವಾಸನೆ ಬರುತ್ತದೆ. ಪೂರ್ತಿ ಸುಟ್ಟ ವಾಸನೆಯಲ್ಲ, ಆದರೆ ಗಂಟಲಿಗೆ ಹತ್ತಿಕೊಂಡು ಸುಲಭಕ್ಕೆ ಬಿಡುವುದಿಲ್ಲ. ಮೊನ್ನೆ ಮಗಳ ಅಂಕಪಟ್ಟಿಗೆ ಲ್ಯಾಮಿನೇಷನ್ ಮಾಡಿಸಲು ಮೊಳಕಾಲ್ಮುರಿನ ಜೆರಾಕ್ಸ್ ಅಂಗಡಿಗೆ ಹೋಗಿದ್ದೆ. ನನಗಿಂತ ಮುಂಚೆ ಬಂದಿದ್ದವರ ಹಾಳೆ ಯಂತ್ರದಿಂದ ನಿಧಾನವಾಗಿ ಹೊರಬರುತ್ತಿತ್ತು. ಮೊದಲು ಒಂದು ಹಣೆ ಕಂಡಿತು, ಆಮೇಲೆ ಕನ್ನಡಕ, ಆಮೇಲೆ ತುಟಿಯ ಮೇಲಿನ ಆ ಹಳೆಯ ತೃಪ್ತಿ. ಕೆಳಗೆ 'ಭಾವಪೂರ್ಣ ಶ್ರದ್ಧಾಂಜಲಿ' ಎಂದಿತ್ತು. ನಮ್ಮ ಬಸ್ಸಿನ ಮೇಷ್ಟ್ರು... ತೀರಿಕೊಂಡಿದ್ದು ನನಗೆ ಗೊತ್ತಿರಲಿಲ್ಲ. ಅಯ್ಯೋ ಅನ್ನಿಸಬೇಕಿತ್ತು. ನನಗೆ ಮೊದಲು ಅನ್ನಿಸಿದ್ದು, ಕೊನೆಗೂ ಇವರನ್ನೇ ಲ್ಯಾಮಿನೇಟ್ ಮಾಡಿದರಲ್ಲ ಎಂದು.

ಆಗ ನಾನು ಚಳ್ಳಕೆರೆಯ ಒಂದು ಎಣ್ಣೆ ಮಿಲ್ಲಿನ ಆಫೀಸಿನಲ್ಲಿ ಟೈಪಿಂಗ್ ಕೆಲಸಕ್ಕಿದ್ದೆ. ಮನೆ ಮೊಳಕಾಲ್ಮುರಿನಲ್ಲಿ. ಬೆಳಿಗ್ಗೆ ಒಂದು ಪ್ರೈವೇಟ್ ಬಸ್ಸು, ಸಂಜೆ ಅದೇ ಬಸ್ಸು ವಾಪಸ್. ಮೇಷ್ಟ್ರೂ ಮೊಳಕಾಲ್ಮುರಿನವರೇ, ಚಳ್ಳಕೆರೆಯ ಕಾಲೇಜೊಂದರಲ್ಲಿ ಇತಿಹಾಸ ಹೇಳುತ್ತಿದ್ದರು. ಡ್ರೈವರ್ ಹಿಂದಿನ ಸೀಟು ಅವರದ್ದು. ಯಾರಾದರೂ ಗೊತ್ತಿಲ್ಲದೆ ಅಲ್ಲಿ ಕೂತರೆ ಏಳಿ ಎನ್ನುತ್ತಿರಲಿಲ್ಲ, ಎದುರು ನಿಂತು ಇತಿಹಾಸ ಶುರುಮಾಡುತ್ತಿದ್ದರು. ದಾರಿಯಲ್ಲಿ ಹತ್ತಿರದ ಹಾನಗಲ್ ಬರುವುದರೊಳಗೆ ಕೂತವರು ತಾವಾಗಿಯೇ ಎದ್ದು ಹೋಗುತ್ತಿದ್ದರು.

ಕನ್ನಡದಲ್ಲಿ ಬ್ಲಾಗುಗಳು ಹೆಚ್ಚುತ್ತಿದ್ದ ಕಾಲ ಅದು. ಚಳ್ಳಕೆರೆ ಬಸ್ ಸ್ಟ್ಯಾಂಡಿನ ಹಿಂದಿನ ಗಲ್ಲಿಯಲ್ಲಿ ಒಬ್ಬ ಭಾಯ್ ಸೈಬರ್ ಸೆಂಟರ್ ಇಟ್ಟಿದ್ದರು. ಕೆಲಸ ಮುಗಿಸಿ, ಬಸ್ಸು ಹೊರಡುವ ತನಕದ ಹೊತ್ತನ್ನು ನಾನು ಅಲ್ಲಿ ಕಳೆಯುತ್ತಿದ್ದೆ. ಮೊದಮೊದಲು ಕನ್ನಡ ಅಕ್ಷರಗಳೆಲ್ಲ ಬರೀ ಚೌಕಗಳಾಗಿ ಕಾಣುತ್ತಿದ್ದವು. ಭಾಯ್ ಏನೋ ಫಾಂಟು ತಂದು ಹಾಕಿ, "ತಗೊಳ್ಳಿ ಅಕ್ಕಾ, ನಿಮ್ಮ ಕನ್ನಡ ಬಂತು" ಎಂದಿದ್ದರು. ಅಂದಿನಿಂದ ನನಗೆ ಹುಚ್ಚು ಹಿಡಿಯಿತು. ಒಬ್ಬರ ಬ್ಲಾಗಿನ ಪಕ್ಕದಲ್ಲಿ ಅವರು ಓದುವ ಇನ್ನಷ್ಟು ಬ್ಲಾಗುಗಳ ಹೆಸರಿರುತ್ತಿತ್ತು, ಅದನ್ನು ಒತ್ತಿದರೆ ಇನ್ನೊಂದು ಮನೆ, ಅಲ್ಲಿಂದ ಮತ್ತೊಂದು. ಮರುಭೂಮಿಯ ದೇಶದಲ್ಲಿ ನರ್ಸ್ ಆಗಿದ್ದ ಹೆಂಗಸೊಬ್ಬಳು ಅಲ್ಲಿ ಬಸಳೆ ಬಳ್ಳಿ ಬೆಳೆಸಿದ್ದು, ಯಾರೋ ತಾತನ ಹಲ್ಲಿನ ಸೆಟ್ ಕಳೆದದ್ದು, ಹಾವಿಗೆ ಹೆದರುವ ಅರಣ್ಯ ಕಾವಲುಗಾರ. ಒಳ್ಳೆಯದು ಸಿಕ್ಕಿದರೆ ಆಫೀಸಿನ ಗೆಳತಿಗೆ ಹೇಳದೆ ಇರಲು ಆಗುತ್ತಿರಲಿಲ್ಲ.

ಕೊನೆಗೆ ನಾನೂ ಒಂದು ಬ್ಲಾಗ್ ಮಾಡಿಕೊಂಡೆ. ಹೆಸರು ಹಾಕಿಕೊಳ್ಳಲಿಲ್ಲ. ಮನೆಯಲ್ಲಿ ಗಂಡನಿಗೆ ಬಿಟ್ಟರೆ ಯಾರಿಗೂ ಹೇಳಲಿಲ್ಲ. ಏನೋ ಬರೆದೆ, ಯಾರೋ ಇಬ್ಬರು ಮೂವರು ಓದಿ 'ಚೆನ್ನಾಗಿದೆ' ಎಂದು ಕೆಳಗೆ ಬರೆದರು. ನನಗೆ ಅಷ್ಟು ಸಾಕಾಗಿತ್ತು.

ಮೇಷ್ಟ್ರೂ ಅದೇ ಸೈಬರಿಗೆ ಬರುತ್ತಿದ್ದರು. ಅವರಿಗೆ ಅಷ್ಟು ಸಾಕಾಗುತ್ತಿರಲಿಲ್ಲ. ಒಳ್ಳೆಯ ಬರಹ ಕಂಡರೆ ಪ್ರಿಂಟ್ ತೆಗೆಸಿ, ಲ್ಯಾಮಿನೇಟ್ ಮಾಡಿಸಿ, ತೂತು ಹೊಡೆದು ದಾರ ಕಟ್ಟಿ, ಪ್ರತಿ ಸೋಮವಾರ ಬಸ್ಸಿನಲ್ಲಿ ಡ್ರೈವರ್ ಹಿಂದಿನ ಕಂಬಿಗೆ ತೂಗುಹಾಕುತ್ತಿದ್ದರು. ಬಸ್ಸಿನ ಓನರು ಬೇಡವೆನ್ನಲಿಲ್ಲ. ಮುಂದೆ ಕೂತವರು ಯಾರಾದರೂ ಗಟ್ಟಿಯಾಗಿ ಓದಬೇಕು, ಹಿಂದಿನವರು ಕೇಳಬೇಕು. ಆಂಧ್ರದ ಕಡೆಯಿಂದ ಬರುವ ಹೆಂಗಸರಿಗಾಗಿ ಒಬ್ಬ ಮುದುಕರು, ಸೀರೆ ವ್ಯಾಪಾರದವರು, ಒಂದೊಂದು ಸಾಲನ್ನೂ ತೆಲುಗಿಗೆ ತಿರುಗಿಸಿ ಹೇಳುತ್ತಿದ್ದರು. ಒಪ್ಪುತ್ತೇನೆ, ಆರಿಸುವ ಕಣ್ಣು ಮೇಷ್ಟ್ರಿಗಿತ್ತು. ಸುಮ್ಮನಿರದಿದ್ದುದು ಕೈ.

ಹಾಳೆ ಒಂದೇ ಇರಬೇಕು, ಎರಡಾದರೆ ಬಸ್ಸಿನಲ್ಲಿ ಹಾರಾಡುತ್ತದೆ. ಹಾಗಾಗಿ ಬರಹ ಉದ್ದವಾದರೆ ಕತ್ತರಿಸುತ್ತಿದ್ದರು. ಸಂಕೋಚ ಅನ್ನುವುದು ಆ ಮನುಷ್ಯನ ಹತ್ತಿರ ಸುಳಿದಿರಲಿಲ್ಲ. ಬರೆದವರ ಹೆಸರು ಮೊದಲು ಹೋಗುತ್ತಿತ್ತು, ಆಮೇಲೆ ಮೇಷ್ಟ್ರಿಗೆ ತಿಳಿಯದ ಭಾಗ. ಹಾಗೆ ಉಳಿಸಿದ ಜಾಗದಲ್ಲಿ ದಪ್ಪಕ್ಷರದಲ್ಲಿ 'ನೀತಿ' ಎಂದು ಹಾಕಿ ತಮ್ಮದೊಂದು ಸಾಲು, ಅದರ ಕೆಳಗೆ 'ಸಂಗ್ರಹ' ಎಂದು ತಮ್ಮ ಹೆಸರು, ಹೆಸರಿನ ಬಾಲಕ್ಕೆ ಎರಡು ಡಿಗ್ರಿ. ಬಸಳೆ ಬಳ್ಳಿಯ ನರ್ಸ್ ನಮ್ಮ ಬಸ್ಸಿಗೆ ಬಂದಾಗ ಅವಳ ಕೆಳಗೆ 'ನೀತಿ: ಪರದೇಶಕ್ಕೆ ಹೋದರೂ ಸೊಪ್ಪು ತಿನ್ನುವುದನ್ನು ಬಿಡಬಾರದು' ಎಂದಿತ್ತು. ಆ ಹೆಂಗಸು ಮನೆ ನೆನೆದು ಅತ್ತದ್ದನ್ನೆಲ್ಲ ಮೇಷ್ಟ್ರು ತೆಗೆದುಹಾಕಿದ್ದರು. ಬರೆದವರ ಹೆಸರು ಯಾಕೆ ಹಾಕಲ್ಲ ಸಾರ್ ಎಂದು ಒಮ್ಮೆ ಕೇಳಿದ್ದಕ್ಕೆ, "ಬ್ಲಾಗಿಗೆಲ್ಲ ಯಜಮಾನ್ರು ಇರ್ತಾರೇನಮ್ಮ? ಯಾರೋ ಬರ್ದು ಬಿಟ್ಟಿರ್ತಾರೆ, ಜನಕ್ಕೆ ಮುಟ್ಸೋರು ಯಾರು ಅದನ್ನ ನೋಡು" ಎಂದರು. ಮುಟ್ಟಿಸುವವರು ತಾವು ಎಂಬ ಹೆಮ್ಮೆಯಲ್ಲಿ ಕನ್ನಡಕ ಒರೆಸಿಕೊಂಡರು.

ಒಂದು ಸೋಮವಾರ ಬಸ್ಸು ಹತ್ತಿದರೆ, ಕಂಬಿಯಲ್ಲಿ ನನ್ನ ಬರಹ ತೂಗುತ್ತಿತ್ತು.

ಅದು ನಮ್ಮ ಅತ್ತೆಯ ಬಗ್ಗೆ ಬರೆದದ್ದು. ಅತ್ತೆ ರಾಯದುರ್ಗದ ಕಡೆಯವರು, ಮನೆಮಾತು ತೆಲುಗು. ಬೈಗುಳವೇ ಅವರ ಮಾತು. ಕರೆಂಟು ಹೋದರೆ ಕರೆಂಟಿಗೆ, ಮಗ್ಗದ ನೂಲು ಕಡಿದರೆ ನೂಲಿಗೆ, ಬೆಕ್ಕಿಗೆ, ಬಿಸಿಲಿಗೆ, ನನಗೆ. "ಒಸೇ ದೆಯ್ಯಂ", ಅಂದರೆ ಏಯ್ ದೆವ್ವ, ಎಂದು ಕರೆದರೆ ಊಟಕ್ಕೆ ಕರೆದರು ಎಂದರ್ಥ. ಕನ್ನಡ ಮಾತಾಡುತ್ತಿದ್ದದ್ದು ಹೊರಗಿನವರ ಹತ್ತಿರ ಮಾತ್ರ. ಬ್ಯಾಂಕಿನವರು, ಜನಗಣತಿಯವರು, ಸೀರೆ ಕೊಳ್ಳಲು ಬಂದ ದೊಡ್ಡ ಮನೆಯವರು ಕೂತರೆ ಬೆಣ್ಣೆಯಂಥ ಕನ್ನಡ, ಎಲ್ಲರಿಗೂ ಬನ್ನಿ ಕೂತ್ಕೊಳ್ರಿ. ಮದುವೆಯಾಗಿ ಬಂದ ಮೊದಲ ವಾರ ನನಗೂ ಅದೇ ಕನ್ನಡವೇ ಇತ್ತು. ಮೊದಲ ಸಲ ನನ್ನನ್ನು ದೆಯ್ಯಂ ಎಂದ ದಿನ ನಾನು ಆ ಮನೆಯವಳಾದೆ. ಇದನ್ನೆಲ್ಲ ನಗುನಗುತ್ತಾ ಬರೆದಿದ್ದೆ. ಕೊನೆಯ ಪ್ಯಾರಾದಲ್ಲಿ ಮಾತ್ರ ನಗು ಇರಲಿಲ್ಲ. ನಮ್ಮ ಅವ್ವ ತೀರಿಕೊಂಡು, ಮಣ್ಣು ಮುಗಿಸಿ ವಾಪಸ್ ಬಂದು ಮೂಲೆಯಲ್ಲಿ ಕೂತಾಗ, ಅತ್ತೆ ತಟ್ಟೆ ಹಿಡಿದುಕೊಂಡು ಎದುರು ನಿಂತು ನಮ್ಮ ಅವ್ವನನ್ನೇ ಬೈದಿದ್ದರು. ಮಗಳನ್ನ ಹೀಗೆ ಬಿಟ್ಟು ಹೋಗಕ್ಕೆ ಅವಳಿಗೆ ಹಕ್ಕು ಕೊಟ್ಟೋರು ಯಾರು ಎಂದು, ಬೈಯುತ್ತಾ ಅಳುತ್ತಾ, ತುತ್ತು ಮಾಡಿ ತಿನ್ನಿಸಿದ್ದರು...

ಆ ಪ್ಯಾರಾ ಹಾಳೆಯಲ್ಲಿ ಇರಲಿಲ್ಲ. ಅದಿದ್ದ ಜಾಗದಲ್ಲಿ ದಪ್ಪಗೆ ಹೀಗಿತ್ತು: 'ನೀತಿ: ಬೈಯುವ ಅತ್ತೆಯ ಮನೆಯಲ್ಲಿ ಸೊಸೆಯ ಕಣ್ಣೀರು ಆರುವುದಿಲ್ಲ. ಅತ್ತೆಯಾದವಳು ಸೊಸೆಯನ್ನು ಮಗಳಂತೆ ಕಾಣಬೇಕು.'

ಯಾರೋ ಓದಿದರು, ಮುದುಕರು ತೆಲುಗಿನಲ್ಲಿ ಹೇಳಿದರು, ಬಸ್ಸೆಲ್ಲ ನಕ್ಕಿತು. ನೀತಿ ಬಂದಾಗ ನಗು ನಿಂತು ಲೊಚಗುಟ್ಟಿದರು. "ಪಾಪ, ಯಾವ ಮನೆ ಹುಡ್ಗಿನೋ" ಎಂದಳು ನನ್ನ ಪಕ್ಕದಲ್ಲಿದ್ದವಳು. ಯಾರಿಗೂ ಗೊತ್ತಾಗಲಿಲ್ಲ. ಇಳಿಯುವ ತನಕ ನಾನು ಕಿಟಕಿಯ ಕಡೆಗೇ ನೋಡುತ್ತಿದ್ದೆ.

ಸಂಜೆ ಸೈಬರಿನಲ್ಲಿ ಮೇಷ್ಟ್ರನ್ನು ಹಿಡಿದೆ. ಸಾರ್, ಅದು ನಾನು ಬರೆದದ್ದು, ಮೊದಲು ತೆಗೆಯಿರಿ ಎಂದೆ. ನಾಚಿಕೆಯಾಗುತ್ತದೆ, ಕ್ಷಮಿಸಮ್ಮ ಎನ್ನುತ್ತಾರೆ ಎಂದುಕೊಂಡಿದ್ದೆ. ಅವರ ಮುಖ ಅರಳಿತು.

"ನೀನಾ? ನಮ್ಮೂರೋಳೇ! ಹಂಗಾದ್ರೆ ಹೇಳಮ್ಮ, ನೀತಿ ಸರಿಯಾಗಿ ಕೂತೈತಾ?"

ಕೊನೆಯ ಪ್ಯಾರಾ ಯಾಕೆ ತೆಗೆದಿರಿ ಎಂದೆ. "ಜಾಗ ಎಲ್ಲೈತಮ್ಮ? ಅಲ್ದೆ ಅದ್ರಾಗೆ ಆಯಮ್ಮ ಒಳ್ಳೇಳಾಗಿಬಿಡ್ತಾಳೆ. ಜನಕ್ಕೆ ಗಲಿಬಿಲಿ ಆಗ್ತೈತೆ" ಎಂದರು. ಕಾಲೇಜಿನಲ್ಲಿ ಮಕ್ಕಳಿಗೆ ಇತಿಹಾಸವನ್ನೂ ಹೀಗೆಯೇ ಹೇಳುತ್ತಿದ್ದರೋ ಏನೋ. ನಾನು ದನಿಯೇರಿಸಿದೆ. ನನ್ನ ಕಣ್ಣಲ್ಲಿ ನೀರು ಬಂದಿತ್ತು. ಅದನ್ನು ಅವರು ನೋಡಿದರು, ನೋಡಿ ತಮ್ಮದೇ ಅರ್ಥ ಮಾಡಿಕೊಂಡರು. ಆಯ್ತಮ್ಮ, ತೆಗೀತೀನಿ, ನಿನ್ನ ಸಂಕಟ ನಂಗೆ ತಿಳೀತು ಎಂದು ತಲೆ ನೇವರಿಸಿದಂತೆ ಮಾಡಿ ಹೋದರು. ಮರುದಿನ ಹಾಳೆ ಇರಲಿಲ್ಲ. ಮುಗಿಯಿತು ಎಂದುಕೊಂಡೆ.

ಮುಂದಿನ ಸೋಮವಾರ ಅತ್ತೆಯನ್ನು ಕಣ್ಣಿನ ಡಾಕ್ಟರಿಗೆ ತೋರಿಸಲು ಚಳ್ಳಕೆರೆಗೆ ಕರೆದುಕೊಂಡು ಹೊರಟೆ. ಕಂಬಿಯಲ್ಲಿ ಮತ್ತೆ ಹಾಳೆ ತೂಗುತ್ತಿತ್ತು. ಮುಂದಿನ ಸೀಟುಗಳು ತುಂಬಿದ್ದವು, ನಾವು ಹಿಂದೆ ಕೂತೆವು. ಅಲ್ಲಿಂದ ಅಕ್ಷರ ಕಾಣುತ್ತಿರಲಿಲ್ಲ, ಯಾವುದೋ ಬೇರೆ ಇರಬಹುದು ಎಂದುಕೊಂಡೆ. ಬಸ್ಸು ಊರು ದಾಟಿತು, ಓದುವವರು ಶುರುಮಾಡಿದರು. ಮೊದಲ ಸಾಲಿಗೇ ಗೊತ್ತಾಯಿತು, ಅದು ನನ್ನದೇ.

ಅತ್ತೆ ಕೇಳುತ್ತಿದ್ದರು. ಬೈಗುಳಗಳು ತೆಲುಗಿಗೆ, ತಮ್ಮ ಸ್ವಂತ ಮನೆಗೆ, ವಾಪಸ್ ಬಂದಾಗ ಅತ್ತೆಗೆ ನಗು ತಡೆಯಲಾಗಲಿಲ್ಲ. ಸೆರಗು ಬಾಯಿಗೆ ಒತ್ತಿಕೊಂಡು, ನನ್ನ ತೊಡೆಗೆ ಹೊಡೆದು, "ಅಚ್ಚಂ ನಾ ಮಾದಿರೇ ಉಂದೇ" ಎಂದರು. ನನ್ನ ಹಾಗೇ ಇದ್ದಾಳಲ್ಲೇ ಎಂದು. ಬೆಕ್ಕಿಗೆ ಬೈದದ್ದು ಬಂದಾಗ ಹೌದು ಹೌದು ಎಂದು ತಲೆಯಾಡಿಸಿದರು. ಆ ನಗು ಹೇಗಿತ್ತೆಂದರೆ, ಒಂದು ಕ್ಷಣ ನನಗೆ ಹೇಳಿಬಿಡೋಣ ಅನ್ನಿಸಿತು. ನೀವೇ ಅತ್ತೆ, ಅದು ನೀವೇ...

ಆಮೇಲೆ ನೀತಿ ಬಂತು. ಅದೇ ನೀತಿ. ಮುದುಕರು ಅದನ್ನೂ ನಿಧಾನವಾಗಿ, ಒತ್ತಿ ಒತ್ತಿ ಹೇಳಿದರು. ಆದರೆ ಈ ಸಲ ಅಲ್ಲಿಗೆ ಮುಗಿಯಲಿಲ್ಲ. ನೀತಿಯ ಕೆಳಗೆ ಇನ್ನೊಂದು ಸಾಲಿತ್ತು: 'ಬರೆದವರು' ಎಂದು ನನ್ನ ಹೆಸರು, ನನ್ನ ಗಂಡನ ಹೆಸರು, ನಮ್ಮ ಬೀದಿಯ ಹೆಸರು. ಡ್ರೈವರ್ ಹಿಂದಿನ ಸೀಟಿನಿಂದ ಮೇಷ್ಟ್ರು ಎದ್ದು ತಿರುಗಿ, ನನ್ನನ್ನು ಬಸ್ಸಿಗೆಲ್ಲ ತೋರಿಸಿ ಚಪ್ಪಾಳೆ ತಟ್ಟಿದರು. ನಾನು ಅತ್ತದ್ದು ಹೆಸರು ಹಾಕಲಿಲ್ಲವೆಂದು ಎಂದುಕೊಂಡಿದ್ದರು! ಅಷ್ಟು ಪುಸ್ತಕ ಓದಿದ ತಲೆಗೆ ಹೊಳೆದದ್ದು ಅಷ್ಟೇ. ಬರೆದವರ ಹೆಸರನ್ನು ಅವರು ಹಾಕಿದ್ದು ಆ ಬಸ್ಸಿನಲ್ಲಿ ಅದೊಂದೇ ಸಲ.

ಕೆಲವರು ಚಪ್ಪಾಳೆ ತಟ್ಟಿದರು, ಕೆಲವರು ನನ್ನ ಪಕ್ಕದಲ್ಲಿ ಕೂತ ಅತ್ತೆಯನ್ನು ನೋಡಿದರು. ಅತ್ತೆ ಸೆರಗನ್ನು ಬಾಯಿಂದ ತೆಗೆದು ಮಡಿಲಲ್ಲಿ ಇಟ್ಟುಕೊಂಡರು.

ಡಾಕ್ಟರ ಹತ್ತಿರ ಕೂತಾಗ ನಾನು ಹೇಳಿದೆ. ಕೊನೆಯ ಸಾಲು ನನ್ನದಲ್ಲ ಅತ್ತೆ, ಆ ಮನುಷ್ಯ ಸೇರಿಸಿದ್ದು, ನಾನು ಬರೆದದ್ದು ಬೇರೆ, ನಮ್ಮ ಅವ್ವ ಹೋದಾಗ ನೀವು ತುತ್ತು ಕೊಟ್ಟದ್ದು ಬರೆದಿದ್ದೆ. ಬಾಯಲ್ಲಿ ಹೇಳಿದಾಗ ಅದು ಆಗ ತಾನೇ ಕಟ್ಟಿದ ಸಬೂಬಿನ ಹಾಗೆ ಕೇಳಿಸಿತು. ಅತ್ತೆ ಕಣ್ಣಿಗೆ ಔಷಧಿ ಹಾಕಿಸಿಕೊಂಡು ಮುಚ್ಚಿ ಕೂತಿದ್ದರು. "ಇರ್ಲಿ ಬಿಡ್ರಮ್ಮ. ಓದಿದೋರು ನೀವು" ಎಂದರು, ಕನ್ನಡದಲ್ಲಿ.

ಆವತ್ತು ರಾತ್ರಿ ಊಟಕ್ಕೆ ಕರೆದದ್ದೂ ಕನ್ನಡದಲ್ಲೇ. ಊಟ ಮಾಡ್ರಿ ಎಂದರು. ನನ್ನ ಗಂಡ ನಗಲು ನೋಡಿದರು, ಆಗಲಿಲ್ಲ. ನಾನು ಸಿಟ್ಟಿಗೆ ಬ್ಲಾಗನ್ನೇ ಅಳಿಸಿಹಾಕಿದೆ, ಆ ಪ್ಯಾರಾ ಸಮೇತ. ಮತ್ತೆ ಏನೂ ಬರೆಯಲಿಲ್ಲ. ಮೇಷ್ಟ್ರು ಮಾತ್ರ ಎಷ್ಟೋ ದಿನ, "ಯಾಕಮ್ಮ ಬರೀತಿಲ್ಲ? ನಾನು ಕಾಯ್ತಾ ಇದೀನಿ" ಎಂದು ಕೇಳುತ್ತಿದ್ದರು. ಒಮ್ಮೆ, "ಅತ್ತೆ ಈಗ ಚೆನ್ನಾಗಿ ನೋಡ್ಕೊಳ್ತಾರಾ?" ಎಂದೂ ಕೇಳಿದರು. ಹೌದು ಸಾರ್, ಒಂದು ದಿನವೂ ಬೈಯುವುದಿಲ್ಲ ಎಂದೆ. ಅವರಿಗೆ ಅದೆಷ್ಟು ಖುಷಿಯಾಯಿತೆಂದರೆ, ಪಕ್ಕದವರಿಗೂ ತಿರುಗಿ ಹೇಳಿದರು. ಆ ಮುಖವನ್ನು ನಾನು ಇವತ್ತಿಗೂ ಸಹಿಸಲಾರೆ.

ಅತ್ತೆ ಆಮೇಲೂ ಬಹಳ ವರ್ಷ ಇದ್ದರು. ನನ್ನನ್ನು ಮಗಳಂತೆ ಅಲ್ಲ, ಬ್ಯಾಂಕಿನವರಂತೆ ನೋಡಿಕೊಂಡರು. ಕಡೆಗಾಲದಲ್ಲಿ ಹಾಸಿಗೆ ಹಿಡಿದಾಗ ಅವರ ಸೇವೆಯೆಲ್ಲ ನನ್ನದೇ. ಒಂದು ಬೆಳಿಗ್ಗೆ ಹಾಲು ಕುಡಿಸುವಾಗ ನನ್ನ ಕೈ ತಪ್ಪಿ ಲೋಟ ಅವರ ಸೀರೆಯ ಮೇಲೆ ಮಗುಚಿತು. ಅವರ ಕೈಯಾರೆ ನೇಯ್ದ ಹಳೆಯ ಸೀರೆ, ಹಿಂದಿನ ಕಾಲವಾಗಿದ್ದರೆ ನನ್ನ ಏಳು ತಲೆಮಾರನ್ನೂ ಸೇರಿಸಿ ಉಗಿಯುತ್ತಿದ್ದರು. ನಾನು ಲೋಟ ಹಿಡಿದು ಹಾಗೇ ನಿಂತೆ, ಬೈಯಲಿ ಎಂದು. ಅತ್ತೆ ನನ್ನನ್ನು ನೋಡಿದರು. ತುಟಿ ಅಲ್ಲಾಡಿತು. "ಪರ್ವಾಗಿಲ್ಲ ಬಿಡ್ರಿ" ಎಂದರು.

ಮೊನ್ನೆ ಅಂಗಡಿಗೆ ಆ ಹಾಳೆ ತಂದವರು ಮೇಷ್ಟ್ರ ಹಳೆಯ ವಿದ್ಯಾರ್ಥಿಗಳು. ನೆನಪಿನ ಸಂಚಿಕೆ ತರುತ್ತಾರಂತೆ. ನೀವು ಅದೇ ಬಸ್ಸಿನಲ್ಲಿ ಓಡಾಡಿದವರು, ಎರಡು ಪುಟ ಬರೆದುಕೊಡಿ ಮೇಡಂ ಎಂದರು. ಬರೆದಿದ್ದೇನೆ. ಇದನ್ನು ಅವರು ಹಾಕುವುದಿಲ್ಲ ಎಂದು ನನಗೆ ಗೊತ್ತು, ಹಾಕಿದರೂ ಕತ್ತರಿಸುತ್ತಾರೆ. ಬರೆಯಲು ಕೂತು ಅಡಿಗೆ ಮರೆತಿದ್ದೆ, ಒಲೆಯ ಮೇಲೆ ಸಾರು ಸೀದು ಮನೆಯೆಲ್ಲ ಹೊಗೆಯಾಗಿದೆ. ಗಂಡ ಬಂದು ಕಿಟಕಿ ತೆಗೆದು ಹೋದರು. ಬೈಯುವವರು ಈ ಮನೆಯಲ್ಲಿ ಯಾರೂ ಇಲ್ಲ.