ಪಶುಪತಿನಾಥನಿಗೆ ಹೊರಟ ತೋಟಾ

ಅಂತರಸಂತೆಯ ಸಿದ್ದಮಲ್ಲಪ್ಪನಿಗೆ ಇಬ್ಬರು ದೇವರು. ಒಬ್ಬ ಕೊರಳಿನ ಕರಡಿಗೆಯಲ್ಲಿ, ಇನ್ನೊಬ್ಬ ಗೋಡೆಯ ಗೂಡಿನಲ್ಲಿ. ಗೂಡಿನಲ್ಲಿದ್ದದ್ದು ಕೋವಿಯ ತೋಟಾ.

ಅದಕ್ಕೆ ದೇವರ ಪದವಿ ಸಿಕ್ಕಿದ್ದು ಐವತ್ತೆರಡರ ಮಳೆಗಾಲದಲ್ಲಿ. ರಾಗಿ ಹೊಲಕ್ಕೆ ನುಗ್ಗಿದ ಹಂದಿಗೆ ಗುರಿಯಿಟ್ಟ. ಕೋವಿ ಟಿಕ್ ಎಂದು ಸುಮ್ಮನಾಯಿತು. ಮೈಮೇಲೆ ಬರುತ್ತಿದ್ದ ಹಂದಿಯೂ ಯಾಕೋ ಬೇಸರಪಟ್ಟು ತಿರುಗಿ ಹೋಯಿತು. ಬೇರೆಯವರಾಗಿದ್ದರೆ ತೋಟಾ ಬಿಸಾಕುತ್ತಿದ್ದರು. ಇವನು, "ಸಿವನೇ ಅಡ್ಡ ಬಂದ" ಎಂದು ಮೂರು ಗೆರೆ ವಿಭೂತಿ ಬಳಿದು ಕೂರಿಸಿದ. ಊರೂ ಕೈಮುಗಿಯಿತು, ನಾನೂ ಮುಗಿದೆ. ಹಂದಿ ಹೊಡೆಯುವುದನ್ನೇನೂ ಅವನು ಬಿಡಲಿಲ್ಲ. ಆ ಕೆಲಸಕ್ಕೆ ಬೇರೆ ತೋಟಾಗಳಿದ್ದವು.

ಐವತ್ತೈದರ ಶಿವರಾತ್ರಿಗೆ ಅದನ್ನು ನೇಪಾಳದ ಪಶುಪತಿನಾಥನ ಪಾದಕ್ಕೇ ಒಪ್ಪಿಸುವ ಹರಕೆ. ಯಾರ ನೆರವೂ ಇಲ್ಲದೆ ಪುಸ್ತಕ ಓದಿಯೇ ಹಿಂದಿ ಕಲಿತವನೆಂದು ನನ್ನನ್ನೂ ಹೊರಡಿಸಿದ.

"ಗಡಿ ದಾಟ್ಸಿ ಮದ್ದುಗುಂಡು ತಗೊಂಡೋದ್ರೆ ಇಡ್ಕತಾರಂತೆ ಕಣ್ರೀ" ಎಂದಳು ಹೆಂಡತಿ ಭದ್ರಮ್ಮ.

"ದೇವ್ರಿಗೆ ಯಾವ ಗಡಿಯಮ್ಮಿ? ಸುಮ್ಕಿರು."

ನಾಲ್ಕು ದಿನ ರೈಲಿನಲ್ಲಿ ಮೈ ನುಗ್ಗಾಗಿ ಬಿಹಾರದ ರಕ್ಸೌಲ್ ಗಡಿ ಮುಟ್ಟಿದೆವು. ಕಾವಲಿನ ಜಮಾದಾರ ಗಂಟು ಬಿಚ್ಚಿಸಿದ. ಬಿಲ್ವಪತ್ರೆಯ ಮೇಲೆ ದೇವರು ಮಲಗಿದ್ದರು.

"ಇದೇನು?"

"ದೇವ್ರು ಸಾಮಿ."

ನಾನು ಹಿಂದಿಯಲ್ಲಿ ಹೇಳಿದೆ. ಜಮಾದಾರ ತಿರುಗಿಸಿ ನೋಡಿ, "ನಿಮ್ಮ ದೇವರ ತಳದಲ್ಲಿ ಹನ್ನೆರಡು ಬೋರು ಅಂತ ಯಾಕೆ ಒತ್ತಿದೆ?" ಎಂದ.

ಶಿವನೇ ತಡೆದ ತೋಟಾ, ಇನ್ನು ಹಾರುವುದಿಲ್ಲ ಎಂದು ವಿವರಿಸಿದೆ.

"ಶಿವ ತಡೆದದ್ದನ್ನು ನಾಳೆ ಶಿವನೇ ಬಿಟ್ಟರೆ? ಹಾಗಾದರೆ ಇದು ಒಳ್ಳೇ ತೋಟಾನೇ. ಇಬ್ಬರೂ ಠಾಣೆಗೆ ನಡೆಯಿರಿ. ನಿಮ್ಮ ಅಮಲ್ದಾರರಿಗೂ ಬರೆಯುತ್ತೇನೆ, ಕೋವಿಯ ಲೈಸೆನ್ಸು ರದ್ದಾಗುತ್ತದೆ. ಕೆಟ್ಟ ತೋಟಾ ಆದರೆ ಮಾತ್ರ ಇಲ್ಲಿ ಬಿಟ್ಟು ಮುಂದೆ ಹೋಗಬಹುದು. ಹೇಗೆ ಕೆಟ್ಟಿತು, ಇವನೇ ಹೇಳಲಿ."

ಊರಿಗೆಲ್ಲ ಇದ್ದದ್ದು ಅದೊಂದೇ ಕೋವಿ. ಅದು ಹೋದರೆ ರಾಗಿ ಬಿತ್ತುವುದು ನಾವು, ಉಣ್ಣುವುದು ಹಂದಿ. ಜಮಾದಾರನ ಮಾತನ್ನು ಕನ್ನಡದಲ್ಲಿ ತಿಳಿಸಿದೆ. ಸಿದ್ದಮಲ್ಲಪ್ಪ ಬಾಯಿಬಿಟ್ಟ.

"ನೆಂದಿತ್ತು ಸಾಮಿ. ಸೋರೋ ಸೂರಿನಡಿ ಮಡಗಿದ್ದೆ. ಅವತ್ತೇ ಗೊತ್ತಿತ್ತು."

"ಲೇ ಸಿದ್ದಮಲ್ಲ! ಮೂರು ವರ್ಸ ನನ್ ಕೈಲೂ ಅಡ್ಡ ಬೀಳಿಸ್ದಲ್ಲೋ!" ಎಂದೆ ನಾನು.

"ಆಮೇಲೆ ಬಯ್ಯೀವಂತೆ ಕಣ್ಲಾ, ಕೋವಿ ಓಯ್ತದೆ! ಮೊದ್ಲು ಅದ ಇಂದೀಲಿ ಏಳು!"

ಹೇಳಿದೆ. ಜಮಾದಾರ ದೇವರನ್ನು ನೀರಿನ ಬಕೀಟಿಗೆ ಹಾಕಿ ನಮ್ಮನ್ನು ಬಿಟ್ಟ. ಪಶುಪತಿನಾಥನಿಗೆ ಬರೀ ಪತ್ರೆ ಸಂದಿತು.

ಊರಿಗೆ ಬಂದವನೇ ಸಿದ್ದಮಲ್ಲಪ್ಪ ಜಗುಲಿಯಲ್ಲಿ ನಾಲ್ಕು ಜನರ ಮುಂದೆ, "ಪಸುಪತಿ ಕೈಯಾರೆ ಈಸ್ಕೊಂಡ" ಎಂದು ಶುರುಮಾಡಿದ. ನನ್ನ ಕಡೆ ಮಾತ್ರ ತಿರುಗಲಿಲ್ಲ. ಭದ್ರಮ್ಮ ಒಳಗಿಂದ ಒಂದು ಡಬ್ಬಿ ತಂದು ಅವನ ಮುಂದಿಟ್ಟಳು.

"ಅದೇ ಸೂರಿನಡಿ ನೆಂದಿದ್ದವು ಇನ್ನೂ ಐದವೆ ಕಣ್ರೀ. ಇವಕ್ಕೂ ಇಬೂತಿ ಬಳೀಲಾ, ಇಲ್ಲಾ ಸೂರು ಸರಿಮಾಡಿಸ್ತೀರಾ?"

ಮಾರನೆಯ ಬೆಳಿಗ್ಗೆ ಸಿದ್ದಮಲ್ಲಪ್ಪ ಹೆಂಚು ಕೈಯಾಡಿಸಲು ಏಣಿ ಹತ್ತಿದ್ದ. ಏಣಿ ಹಿಡಿದುಕೊಂಡವನು ನಾನು. ಕೋವಿ ಗೋಡೆಯ ಮೇಲೇ ಇತ್ತು.